ಸೀರೆ ಚೆಂದ ಕಾಣುತ್ತದೆ, ಕೊಳ್ಳಲು ಮಾತ್ರ ಆಗುತ್ತಿಲ್ಲ

ಓದುಗರ ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. 2016ರಲ್ಲಿ ಮಾಡಿಸಿದ ಒಂದು ಸಾದಾ ವೆಬ್‌ಸೈಟ್ ಇತ್ತು. ಫೋಟೊ, ಬೆಲೆ, ಫೋನ್ ನಂಬರ್, ಅಷ್ಟೇ. ಹೋದ ದೀಪಾವಳಿಗೆ ಹೊಸದು ಮಾಡಿಸಿದೆವು. ಬೆರಳು ಸರಿಸಿದ ಹಾಗೆ ಸೀರೆಯ ಮಡಿಕೆ ಬಿಚ್ಚುತ್ತದೆ, ಸೆರಗು ಹಾರುತ್ತದೆ. ನೋಡಿದವರೆಲ್ಲ ಚೆಂದ ಅಂದರು. ಆದರೆ ಆರ್ಡರ್ ಕಮ್ಮಿಯಾಗಿವೆ. ಮುಧೋಳದ ಹಳೇ ಗಿರಾಕಿ, ರಿಟೈರ್ ಆದ ಟೀಚರ್, ಮೊನ್ನೆ ಮದುವೆಯಲ್ಲಿ ಸಿಕ್ಕಾಗ "ನಿಮ್ಮ ಫೋನ್ ನಂಬರ್ ಹುಡುಕಿ ಹುಡುಕಿ ಸಾಕಾಯ್ತು" ಅಂದರು. ವಿಜಯಪುರದಲ್ಲಿರುವ ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ. ಫೋನಿನಲ್ಲಿ ಸ್ಕ್ರೀನ್ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಬ್ಯಾಂಕು, ಬಸ್ ಟಿಕೆಟ್ಟು ಎಲ್ಲ ತಾನೇ ನೋಡಿಕೊಳ್ಳುತ್ತಾನೆ. ನಮ್ಮದೇ ಸೈಟಿನಲ್ಲಿ ಮಗಳಿಗೆ ಒಂದು ಸೀರೆ ಆರಿಸಲು ಅವನಿಗೆ ಆಗಲಿಲ್ಲ. ಸೈಟ್ ಮಾಡಿಕೊಟ್ಟ ಹುಡುಗ, "ಈಗಿನ ಸೈಟೆಲ್ಲ ಹೀಗೇ ಅಕ್ಕಾ. ಎಲ್ಲರಿಗೂ ಆಗೋ ಹಾಗೆ ಮಾಡಿದ್ರೆ ಸಪ್ಪೆ ಕಾಣುತ್ತೆ. ಬೇಕಿದ್ರೆ ಸೈಟಿಗೆ ಮೇಲಿಂದ ಸೇರಿಸೋ ಒಂದು ಸಿದ್ಧ ಪ್ಲಗಿನ್ ಹಾಕೋಣ" ಎನ್ನುತ್ತಾನೆ. ಇದು ನಿಜವೇ? ಹಳೇ ಸೈಟಿಗೇ ವಾಪಸ್ ಹೋಗಲೇ?
— ಓದುಗರು, ಇಳಕಲ್

ಉತ್ತರ:

ಅಕ್ಕಾರೇ, ನೀವು ಕೇಳಿರುವುದು ಎರಡು ಪ್ರಶ್ನೆ. ಹೊಸ ನಮೂನೆಯ ಸೈಟುಗಳು ಜನರ ಅನುಕೂಲ ಮರೆತಿವೆಯಾ, ಅದು ಒಂದು. ಚೆಂದ ಬೇಕಾದರೆ ಅನುಕೂಲ ಬಿಡಲೇಬೇಕಾ, ಅದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಹೌದು, ಬಹಳಷ್ಟು ಮರೆತಿವೆ. ಎರಡನೆಯದಕ್ಕೆ: ಇಲ್ಲ, ಬಿಡಬೇಕಿಲ್ಲ. ನಿಮ್ಮ ಸೆರಗು ಹಾರಲಿ. ತಪ್ಪು ಸೆರಗಿನದಲ್ಲ.

ಉತ್ತರ ಬರೆಯುವ ಮೊದಲು ನಿಮ್ಮ ಸೈಟು ತೆರೆದು ನೋಡಿದೆ. ಬೆಳಗಾವಿಯ ಖಡೇಬಜಾರಿನಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು, ನಾಲ್ಕು ವರ್ಷ ಹಳೆಯ, ಕಡಿಮೆ ಬೆಲೆಯ ಫೋನಿನಲ್ಲಿ. ಯಾವ ಸೈಟನ್ನಾದರೂ ನಾನು ಮೊದಲು ಹೀಗೇ ನೋಡುವುದು. ಆಫೀಸಿನ ಎಸಿಯಲ್ಲಿ, ದೊಡ್ಡ ಸ್ಕ್ರೀನಿನಲ್ಲಿ ಎಲ್ಲ ಸೈಟೂ ಚೆನ್ನಾಗಿಯೇ ಇರುತ್ತವೆ.

ಮುಧೋಳದ ಟೀಚರಿಗೆ ಫೋನ್ ನಂಬರ್ ಯಾಕೆ ಸಿಗಲಿಲ್ಲ ಅಂತ ಎರಡು ನಿಮಿಷದಲ್ಲಿ ಗೊತ್ತಾಯಿತು. ನಂಬರು, ವಿಳಾಸ ಎರಡೂ ಪುಟದ ತಳದಲ್ಲಿವೆ. ಆದರೆ ನಿಮ್ಮ ಪುಟಕ್ಕೆ ತಳವೇ ಇಲ್ಲ. ಕೆಳಗೆ ಹೋದ ಹಾಗೆ ಇನ್ನೂ ಹನ್ನೆರಡು ಸೀರೆ ತಾವಾಗಿಯೇ ಬರುತ್ತವೆ. ನಂಬರು ಒಂದು ಕ್ಷಣ ಕಾಣುತ್ತದೆ, ಓದುವಷ್ಟರಲ್ಲಿ ಸೀರೆಗಳು ಅದನ್ನು ಕೆಳಗೆ ನೂಕುತ್ತವೆ. ಮತ್ತೆ ಅಟ್ಟಿಸಿಕೊಂಡು ಹೋಗಬೇಕು. ನಾನೇ ಐದು ಸಲ ಅಟ್ಟಿದೆ. ಆ ಅಮ್ಮನವರಿಗೆ ಸಾಕಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಬೆಲೆ ಬರೆದಿರುವುದು ಬಿಳಿಯ ಮೇಲೆ ಚಿನ್ನದ ಬಣ್ಣದಲ್ಲಿ. ಜರಿಯ ನೆನಪಾಗಲಿ ಅಂತ ಇಟ್ಟಿರಬೇಕು. ಬಿಸಿಲಿನಲ್ಲಿ ನನಗೆ ಬೆಲೆಯೇ ಕಾಣಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಎಷ್ಟು ವ್ಯತ್ಯಾಸ ಇರಬೇಕು ಎನ್ನುವುದಕ್ಕೆ ಒಂದು ಅಳತೆ ಇದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1. ದೊಡ್ಡ ಅಕ್ಷರಕ್ಕೆ 3:1 ಸಾಕು. ಚಿನ್ನದ ಬಣ್ಣದಲ್ಲಿ ಬರೆದ ನಿಮ್ಮ ಬೆಲೆಗೆ 2.1:1 ಬಂತು. ಕಣ್ಣಿಗೆ ಪೊರೆ ಬಂದವರಿಗೆ ಎಸಿ ರೂಮಿನಲ್ಲೂ ಅದು ಮಸುಕೇ.

ಇನ್ನು ನಿಮ್ಮ ತಮ್ಮನ ವಿಷಯ. ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿಕೊಂಡು ಒಂದು ಸೀರೆ ಕೊಳ್ಳಲು ಹೊರಟೆ. ಮೊದಲ ಸೀರೆಯ ಫೋಟೊ ಮೇಲೆ ಬೆರಳಿಟ್ಟರೆ ಕೇಳಿಸಿದ್ದು ಕ್ಯಾಮೆರಾ ಕೊಟ್ಟ ಫೈಲಿನ ಹೆಸರು, "ಐಎಂಜಿ" ಅಂತ ಶುರುವಾಗಿ ಒಂದಿಷ್ಟು ಅಂಕಿ. ಮುಂದಿನದಕ್ಕೂ ಅದೇ, ಅಂಕಿ ಮಾತ್ರ ಬೇರೆ. ಬಣ್ಣ ಆರಿಸುವ ಕಡೆ ಐದು ಸಣ್ಣ ಬಣ್ಣದ ಚುಕ್ಕಿಗಳಿವೆ ಅಲ್ವಾ? ಅಲ್ಲಿ ಫೋನು ಏನೂ ಹೇಳಲಿಲ್ಲ. ಅದರ ಮಟ್ಟಿಗೆ ಅಲ್ಲಿ ಏನೂ ಇಲ್ಲ. ಗೋಡೆಗೆ ಬಾಗಿಲಿನ ಚಿತ್ರ ಬರೆದ ಹಾಗೆ. ಕಣ್ಣಿದ್ದವರಿಗೆ ಬಾಗಿಲು, ಕೈಯಾಡಿಸಿದವರಿಗೆ ಗೋಡೆ.

ಹೇಗೋ ಮುಂದೆ ದಾಟಿದೆ ಅಂತಿಟ್ಟುಕೊಳ್ಳಿ. ಚೀಲಕ್ಕೆ ಹಾಕುವ ಬಟನ್ ಒತ್ತಿದರೆ ಮೂಲೆಯಲ್ಲಿ "1" ಅಂತ ಬರುತ್ತದೆ, ಸೀರೆಯೊಂದು ಹಾರಿ ಚೀಲದೊಳಗೆ ಬೀಳುತ್ತದೆ. ಬಹಳ ಮುದ್ದಾಗಿದೆ. ಆದರೆ ನಿಮ್ಮ ತಮ್ಮನಿಗೆ ಕೇಳುವುದು ಮೌನ. ಬಿತ್ತೋ ಇಲ್ಲವೋ ಗೊತ್ತಾಗದೆ ಅವರು ಮತ್ತೊಮ್ಮೆ ಒತ್ತುತ್ತಾರೆ. ನಾನೂ ಒತ್ತಿದೆ. ಕಣ್ಣು ಬಿಟ್ಟು ನೋಡಿದಾಗ ಚೀಲದಲ್ಲಿ ಮೂರು ಸೀರೆ ಇದ್ದವು.

ಕೊನೆಗೆ ಓಟಿಪಿ. ಆರು ಅಂಕಿಗೆ ಆರು ಬೇರೆ ಬೇರೆ ಡಬ್ಬಿ. ಈ ಫ್ಯಾಶನ್ನು ಯಾರು ತಂದರೋ, ನನಗಂತೂ ಅವರ ಮೇಲೆ ಸಿಟ್ಟಿದೆ. ಆರೂ ಡಬ್ಬಿಗೆ ಹೆಸರಿಲ್ಲ. ಮೆಸೇಜಿನಿಂದ ಕಾಪಿ ಮಾಡಿ ಅಂಟಿಸಿದರೆ ಮೊದಲ ಡಬ್ಬಿಯಲ್ಲಿ ಒಂದು ಅಂಕಿ ಕೂರುತ್ತದೆ, ಉಳಿದ ಐದು ಮಾಯ. ಮೇಲೆ ಮೂವತ್ತು ಸೆಕೆಂಡಿನ ಗಡಿಯಾರ ಬೇರೆ. ಕೈ ನಡುಗುವವರು, ನಿಧಾನ ಟೈಪ್ ಮಾಡುವವರು, ಕನ್ನಡಕ ಹುಡುಕುತ್ತಿರುವವರು, ಯಾರಿಗೂ ಅಷ್ಟರಲ್ಲಿ ಆಗುವುದಿಲ್ಲ. ಒಂದೇ ಉದ್ದ ಡಬ್ಬಿ ಇಟ್ಟಿದ್ದರೆ ಫೋನೇ ಮೆಸೇಜಿನಿಂದ ಅಂಕಿ ಎತ್ತಿ ತುಂಬಿಸುತ್ತಿತ್ತು.

ಇಷ್ಟೆಲ್ಲ ಆಯ್ತಲ್ಲ, ಇದರಲ್ಲಿ ಹಾರುವ ಸೆರಗಿನ ತಪ್ಪು ಎಲ್ಲಿದೆ ಹೇಳಿ. ನಿಮ್ಮ ಹುಡುಗನ ಮಾತಿನ ಮೊದಲ ಸುಳ್ಳು ಬಿದ್ದುಹೋಗುವುದೇ ಇಲ್ಲಿ. ಫೋಟೊಕ್ಕೆ ಬರೆಯುವ ವಿವರಣೆ ಕಣ್ಣಿಗೆ ಕಾಣುವುದೇ ಇಲ್ಲ. ಬಣ್ಣದ ಚುಕ್ಕಿಗೆ ಹೆಸರು ಕೊಟ್ಟರೆ ಚುಕ್ಕಿ ವಿಕಾರವಾಗುವುದಿಲ್ಲ. ಬೆಲೆಯನ್ನು ಗಾಢ ಬಣ್ಣದಲ್ಲಿ ಬರೆದು, ಚಿನ್ನವನ್ನು ಸುತ್ತಲಿನ ಗೆರೆಗೆ ಬಳಸಿದರೆ ಇನ್ನೂ ಚೆಂದವೇ ಆದೀತು. ದಡಿಗೆ ಜರಿ, ಮೈಗೆ ಕಡುಬಣ್ಣ. ಇದನ್ನು ಇಳಕಲ್ಲಿನವರಿಗೆ ನಾನು ಹೇಳಿಕೊಡಬೇಕೇ?

ಹಾಗಾದರೆ ಇದು ಯಾಕೆ ಹೀಗಾಗುತ್ತದೆ? ಹುಡುಗ ಸೋಮಾರಿ ಅಂತ ನಾನು ಹೇಳುವುದಿಲ್ಲ. ಅವನು ಕಷ್ಟಪಟ್ಟಿದ್ದಾನೆ. ಕಷ್ಟಪಟ್ಟ ಜಾಗ ತಪ್ಪು.

ವೆಬ್ ಹುಟ್ಟಿದ್ದು ಓದುವ ಪುಟಗಳಿಗಾಗಿ. ಒಂದು ಕೊಂಡಿ ಒತ್ತಿದರೆ ಹಳೇ ಪುಟ ಹೋಗಿ ಹೊಸ ಪುಟ ಬರುತ್ತಿತ್ತು. ಪುಟ ಬದಲಾಯಿತು ಅಂತ ಓದಿ ಹೇಳುವ ತಂತ್ರಾಂಶಕ್ಕೂ ತಿಳಿಯುತ್ತಿತ್ತು, ಅದು ಶೀರ್ಷಿಕೆ ಓದುತ್ತಿತ್ತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೆ ಪುಟ ಬದಲಾಗದೆ ಪುಟದೊಳಗಿನ ತುಂಡುಗಳು ಮಾತ್ರ ಬದಲಾಗುವ ಪದ್ಧತಿ ಎಲ್ಲ ಕಡೆ ಹಬ್ಬಿತು. 2013ರಲ್ಲಿ ಬಂದ ರಿಯಾಕ್ಟ್‌ನಂಥ ಸೈಟ್ ಕಟ್ಟುವ ಸಲಕರಣೆಗಳಿಂದ ಇಡೀ ಸೈಟು ಒಂದೇ ಪುಟದೊಳಗೆ ಕೂರುವುದು ಮಾಮೂಲಾಯಿತು. ಇದರಿಂದ ಲಾಭ ಬಹಳ ಇದೆ, ನಾನೇನು ವಿರೋಧಿಯಲ್ಲ. ಆದರೆ ತುಂಡು ಬದಲಾದಾಗ "ಇಲ್ಲಿ ಬದಲಾಯಿತು" ಅಂತ ಸೈಟ್ ಮಾಡುವವನೇ ಹೇಳಬೇಕು. ಹೇಳುವ ವಿಧಾನ ಇದೆ, ಒಂದೆರಡು ಸಾಲಿನ ಕೆಲಸ. ಯಾರೂ ಹೇಳದಿದ್ದರೆ ನಿಮ್ಮ ತಮ್ಮನಿಗೆ ಸಿಕ್ಕ ಮೌನವೇ ಸಿಗುತ್ತದೆ.

ಎರಡನೇ ಕಾರಣ ಇನ್ನೂ ಸಣ್ಣದು, ಆದರೆ ಹಾನಿ ದೊಡ್ಡದು. ಬ್ರೌಸರಿನಲ್ಲಿ ಬಟನ್ ಅಂತ ಒಂದು ಸಿದ್ಧ ವಸ್ತು ಇದೆ. ಅದನ್ನು ಬಳಸಿದರೆ ಕೀಬೋರ್ಡಿನ ಟ್ಯಾಬ್ ಒತ್ತಿ ಅಲ್ಲಿಗೆ ಹೋಗಬಹುದು, ಎಂಟರ್ ಒತ್ತಿದರೆ ಕೆಲಸ ಮಾಡುತ್ತದೆ, "ಇದು ಬಟನ್" ಅಂತ ಟಾಕ್‌ಬ್ಯಾಕ್‌ಗೆ ತಾನೇ ಹೇಳುತ್ತದೆ. ಎಲ್ಲ ಪುಕ್ಕಟೆ. ಆದರೆ ಅದರ ರೂಪ ಸೇರದೆ ಹುಡುಗರು ಒಂದು ಖಾಲಿ ಚೌಕಕ್ಕೆ ಬಣ್ಣ ಬಳಿದು, ಒತ್ತಿದರೆ ಕೆಲಸ ಮಾಡುವ ಹಾಗೆ ಮಾಡಿಬಿಡುತ್ತಾರೆ. ಅದಕ್ಕೆ ಡಿವ್ ಅಂತಾರೆ. ಕಣ್ಣಿಗೆ ಬಟನ್ನೇ. ಒಳಗೆ ಏನೂ ಇಲ್ಲ. ನಿಮ್ಮ ಐದು ಬಣ್ಣದ ಚುಕ್ಕಿಗಳು ಇಂಥವೇ. ವಿಚಿತ್ರ ನೋಡಿ, ನಿಜವಾದ ಬಟನ್ನಿಗೂ ಬೇಕಾದ ಬಣ್ಣ, ಆಕಾರ ಕೊಡಬಹುದು.

ನಾನೂ ಸಾಚಾ ಅಲ್ಲ. 2012ರ ಸುಮಾರಿಗೆ ಒಂದು ಸಹಕಾರಿ ಸೊಸೈಟಿಗೆ ಸೈಟ್ ಮಾಡುವಾಗ, ಟ್ಯಾಬ್ ಒತ್ತಿದರೆ ಬಟನ್ ಸುತ್ತ ಬರುವ ನೀಲಿ ಗೆರೆ ನನಗೆ ಅಸಹ್ಯವಾಗಿ ಕಂಡಿತ್ತು. ಒಂದು ಸಾಲು ಬರೆದು ತೆಗೆದುಬಿಟ್ಟೆ. ಕೆಲವು ತಿಂಗಳ ಮೇಲೆ ಅಲ್ಲಿನ ಗುಮಾಸ್ತರೊಬ್ಬರು, ಬಲಗೈಗೆ ಪಾರ್ಶ್ವವಾಯು ಆದವರು, ಎಡಗೈಯಲ್ಲಿ ಬರೀ ಕೀಬೋರ್ಡಿನಿಂದ ಕೆಲಸ ಮಾಡುವವರು, "ಸರ್, ನಾನು ಈಗ ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ" ಅಂದರು. ಅವರ ಮಟ್ಟಿಗೆ ಆ ಗೆರೆಯೇ ಕರ್ಸರು. ನನ್ನ ಈಗಿನ ಕೆಲಸ ಶುರುವಾಗಿದ್ದು ಆ ಮಾತಿನಿಂದ.

ಮೂರನೇ ಕಾರಣ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಒಪ್ಪಿಗೆ ಕೊಡುವವರು ನೋಡಿ ಕೊಡುತ್ತಾರೆ, ಬಳಸಿ ಕೊಡುವುದಿಲ್ಲ. ಹುಡುಗ ಲ್ಯಾಪ್‌ಟಾಪಿನಲ್ಲಿ ಸೆರಗು ಹಾರಿಸಿ ತೋರಿಸಿದ, ನೀವು ಚೆಂದ ಅಂದಿರಿ. "ಇದರಲ್ಲಿ ನಾನೇ ಒಂದು ಸೀರೆ ಕೊಂಡು ನೋಡ್ತೀನಿ, ದುಡ್ಡು ಆಮೇಲೆ ಕೊಡ್ತೀನಿ" ಅನ್ನುವವರು ನೂರಕ್ಕೆ ಒಬ್ಬರು ಸಿಕ್ಕರೆ ಹೆಚ್ಚು.

ಕನ್ನಡದ್ದೇ ಒಂದು ಬೇರೆ ತೊಂದರೆ ಇದೆ. ಸಿದ್ಧ ವಿನ್ಯಾಸಗಳೆಲ್ಲ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಮಾಡಿದವು. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ. ನಿಮ್ಮ ಸೈಟಿನ "ಇಳಕಲ್ಲ ಸೀರೆ" ಅನ್ನುವ ಬಟನ್ನಿನಲ್ಲಿ ಲ ಒತ್ತು ಅರ್ಧ ಕತ್ತರಿಸಿಹೋಗಿದೆ, ಗಮನಿಸಿದಿರಾ? ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಪೂರ್ತಿ ಮಾಯ. ಎತ್ತರವನ್ನು ಬಿಗಿಯಾಗಿ ಕಟ್ಟಬಾರದು, ಸಾಲಿನ ನಡುವೆ ಒಂದೂವರೆ ಪಟ್ಟು ಜಾಗ ಬಿಡಬೇಕು. ಪುಟದ ಭಾಷೆ ಕನ್ನಡ ಅಂತ ಒಳಗೆ ಗುರುತು ಹಾಕಬೇಕು. ನಿಮ್ಮಲ್ಲಿ ಇಂಗ್ಲಿಷ್ ಅಂತಲೇ ಉಳಿದಿದೆ. ಕೆಲವು ಓದುವ ತಂತ್ರಾಂಶಗಳು ಅದನ್ನು ನಂಬಿ ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತಡಬಡಿಸುತ್ತವೆ.

ಈಗ "ಎಲ್ಲರೂ ಹೀಗೇ ಮಾಡ್ತಾರೆ" ಅನ್ನುವ ಮಾತು. ದುರ್ದೈವ, ಇದು ನಿಜ. ವೆಬ್‌ಏಮ್ ಎಂಬ ಅಮೆರಿಕದ ಸಂಸ್ಥೆ ಪ್ರತಿ ವರ್ಷ ಜಗತ್ತಿನ ಹತ್ತು ಲಕ್ಷ ಸೈಟುಗಳ ಮುಖಪುಟ ಪರೀಕ್ಷಿಸುತ್ತದೆ. 2019ರಲ್ಲಿ ಶೇ. 97.8ರಷ್ಟು ಮುಖಪುಟಗಳಲ್ಲಿ ಯಂತ್ರವೇ ಹಿಡಿಯಬಲ್ಲ ತಪ್ಪುಗಳಿದ್ದವು. 2025ರಲ್ಲಿ ಶೇ. 94.8. ವರ್ಷ ವರ್ಷವೂ ಮೊದಲ ಸ್ಥಾನ ಮಸುಕು ಅಕ್ಷರಕ್ಕೇ. ಆದರೆ ಹಳೇ ಕಾಲ ಚೆನ್ನಾಗಿತ್ತು ಅಂತ ನೀವೂ ಅಂದುಕೊಳ್ಳಬೇಡಿ. ಇಡೀ ಸೈಟನ್ನು ಫ್ಲ್ಯಾಶ್ ಎಂಬ ಅನಿಮೇಷನ್ ತಂತ್ರಾಂಶದಲ್ಲಿ ಮಾಡಿಡುತ್ತಿದ್ದ ಕಾಲ ನಾನು ನೋಡಿದ್ದೇನೆ. 2020ರ ಕೊನೆಗೆ ಫ್ಲ್ಯಾಶ್ ನಿಂತಾಗ ಅಂಥ ಸೈಟುಗಳೂ ಸತ್ತವು. ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಇರುವ ಒಂದೇ ಸಂಕೇತ ಪದ್ಧತಿ) ಅಲ್ಲದ ಹಳೇ ಕನ್ನಡ ಫಾಂಟುಗಳ ಪುಟವಂತೂ ಯಾವ ತಂತ್ರಾಂಶಕ್ಕೂ ಅರ್ಥವಾಗುತ್ತಿರಲಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಓದುತ್ತಿತ್ತು. ನಿಮ್ಮ 2016ರ ಸೈಟು ಸುಲಭವಾಗಿತ್ತು, ಸರಿ. ಅದು ಸಾದಾ ಇದ್ದದ್ದಕ್ಕೆ ಹಾಗಿತ್ತು. ಯಾರೋ ಯೋಚಿಸಿ ಮಾಡಿದ್ದಲ್ಲ. ಅದರಲ್ಲೂ ಫೋಟೊಗಳಿಗೆ ವಿವರಣೆ ಇರಲಿಲ್ಲ ಅಂತ ನನ್ನ ಅನುಮಾನ.

"ಕಣ್ಣು ಕಾಣದವರು ಸೀರೆ ಯಾಕೆ ಕೊಳ್ತಾರೆ" ಅಂತ ಯಾರಾದರೂ ಅಂದರೆ ನಿಮ್ಮ ತಮ್ಮನ ಮಗಳ ಹೆಸರು ಹೇಳಿ ಸಾಕು.

ಪ್ಲಗಿನ್ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ: ಬೇಡ. ಸೈಟಿನ ಮೂಲೆಯಲ್ಲಿ ಮನುಷ್ಯನ ಗುರುತು, ಒತ್ತಿದರೆ ಅಕ್ಷರ ದೊಡ್ಡದು, ಬಣ್ಣ ಬದಲು, ಇಂಥದ್ದು. ಕಣ್ಣು ಕಾಣದವರ ಫೋನಿನಲ್ಲಿ ಇವೆಲ್ಲ ಮೊದಲೇ ಇವೆ. ಡಿವ್‌ನ ಒಳಗಿನ ಖಾಲಿತನವನ್ನು ಪ್ಲಗಿನ್ ಊಹೆ ಮಾಡಿ ತುಂಬಲು ಹೋಗುತ್ತದೆ, ಎಷ್ಟೋ ಸಲ ಟಾಕ್‌ಬ್ಯಾಕ್‌ಗೇ ಅಡ್ಡ ಬರುತ್ತದೆ. ತನ್ನ ಪ್ಲಗಿನ್ ಹಾಕಿದರೆ ಯಾವ ಸೈಟಾದರೂ ನಿಯಮಕ್ಕೆ ಸರಿಹೊಂದುತ್ತದೆ ಎಂದು ಹೇಳಿಕೊಂಡಿದ್ದ ಆಕ್ಸೆಸಿಬಿ ಎಂಬ ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2025ರಲ್ಲಿ ಆದೇಶ ಮಾಡಿತು. ವರ್ಷ ವರ್ಷ ಪ್ಲಗಿನ್ನಿಗೆ ಕಟ್ಟುವ ದುಡ್ಡನ್ನು ರಿಪೇರಿಗೆ ಹಾಕಿ.

ಹುಡುಗ ಯಾವುದೋ ಟೂಲ್ ಹಾಕಿ "ನೂರಕ್ಕೆ ನೂರು ಬಂತು" ಅಂತ ತೋರಿಸಿದರೂ ಪೂರ್ತಿ ನಂಬಬೇಡಿ. ಫೋಟೊಕ್ಕೆ "ಚಿತ್ರ 1" ಅಂತ ಬರೆದರೂ ಯಂತ್ರ ಪಾಸು ಮಾಡುತ್ತದೆ. ವಿವರಣೆ ಇದೆಯಾ ಅಂತ ಅದು ನೋಡುತ್ತದೆ. ಅದರಿಂದ ಸೀರೆ ಗೊತ್ತಾಗುತ್ತದಾ ಅಂತ ಅದಕ್ಕೆ ತಿಳಿಯುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ಹಳೇ ಸೈಟಿಗೆ ವಾಪಸ್ ಹೋಗಬಹುದು, ನಾಳೆಯೇ ಆಗುತ್ತದೆ. ಆದರೆ ಅದರಲ್ಲಿ ಆನ್‌ಲೈನ್ ದುಡ್ಡು ಕಟ್ಟುವ ಸೌಲಭ್ಯ ಇರಲಿಲ್ಲ ಅಲ್ವಾ? ಹೊರಗಿನ ಊರಿನ ಹೊಸ ಗಿರಾಕಿ ಕೈತಪ್ಪುತ್ತಾರೆ. ಈಗಿನ ಸೈಟು ಹಾಗೇ ಬಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳಬಹುದು. ಸಣ್ಣ ಅಂಗಡಿಗಳಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಹಬ್ಬದ ಹೊತ್ತಿಗೆ ಮೆಸೇಜು ರಾಶಿ ಬೀಳುತ್ತವೆ, ಯಾರಿಗೆ ಯಾವ ಸೀರೆ ಅಂತ ಕಲಸುಮೇಲೋಗರ ಆಗುತ್ತದೆ. ಪೂರ್ತಿ ಹೊಸದಾಗಿ ಮಾಡಿಸಬಹುದು. ಅದಕ್ಕೆ ಖರ್ಚು ಜಾಸ್ತಿ, ಅದೇ ಹುಡುಗ ಅದೇ ಅಭ್ಯಾಸದಲ್ಲಿ ಮಾಡಿದರೆ ಅದೇ ತಪ್ಪು ಮತ್ತೆ ಬರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ತೋರಿಸುವ ಪುಟಗಳನ್ನು ರಿಪೇರಿ ಮಾಡಿಸುತ್ತಿದ್ದೆ. ದುಡ್ಡು ಕಟ್ಟುವ ಮೂರು ಪುಟಗಳನ್ನು, ಅಂದರೆ ಚೀಲ, ವಿಳಾಸ, ಓಟಿಪಿ, ಇವನ್ನು ಮಾತ್ರ ಸಾದಾ ರೀತಿಯಲ್ಲಿ ಹೊಸದಾಗಿ ಬರೆಸುತ್ತಿದ್ದೆ. ಅಲ್ಲಿ ಯಾವ ಹಾರಾಟವೂ ಬೇಡ. ಅಂಗಡಿಯಲ್ಲೂ ಹಾಗೇ ತಾನೇ? ಗಾದಿಯ ಮೇಲೆ ನೂರು ಸೀರೆ ಹರಡಿ ತೋರಿಸುತ್ತೀರಿ, ಗಲ್ಲಾಪೆಟ್ಟಿಗೆ ಹತ್ತಿರ ಜಾಗ ಖಾಲಿ ಇಟ್ಟುಕೊಳ್ಳುತ್ತೀರಿ.

ಹುಡುಗನಿಗೆ "ಎಲ್ಲರಿಗೂ ಅನುಕೂಲ ಆಗೋ ಹಾಗೆ ಮಾಡು" ಅಂತ ಸುಮ್ನೆ ಹೇಳಿದರೆ ಏನೂ ಆಗದು. ಚೀಟಿಯಲ್ಲಿ ಬರೆದು ಕೊಡಿ. ಮೌಸ್ ಮುಟ್ಟದೆ ಒಂದು ಸೀರೆ ಕೊಳ್ಳಲು ಆಗಬೇಕು. ಟಾಕ್‌ಬ್ಯಾಕ್ ಹಾಕಿ, ಸ್ಕ್ರೀನ್ ನೋಡದೆ ಕೊಳ್ಳಲು ಆಗಬೇಕು. ಫೋನಿನ ಅಕ್ಷರ ಅತಿ ದೊಡ್ಡದು ಮಾಡಿದಾಗಲೂ ಯಾವ ಬಟನ್ನೂ ಕಾಣೆಯಾಗಬಾರದು. ಚುಕ್ಕಿ, ಅಡ್ಡಗುರುತು ಇಂಥ ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇರಬೇಕು, ನನ್ನನ್ನು ಕೇಳಿದರೆ 44. ಸೀರೆ ಬಿಚ್ಚಿಕೊಳ್ಳುವ ಆಟಕ್ಕೆ ನಿಲ್ಲಿಸುವ ಬಟನ್ ಇರಬೇಕು. ಫೋನಿನಲ್ಲೇ ಅನಿಮೇಷನ್ ಬೇಡ ಅಂತ ಸೆಟ್ಟಿಂಗ್ ಮಾಡಿಕೊಂಡವರಿಗೆ ಅದು ಶುರುವೇ ಆಗಬಾರದು. ಅಂಥವರಲ್ಲಿ ಕೆಲವರಿಗೆ ನಿಜವಾಗಿ ತಲೆ ತಿರುಗುತ್ತದೆ. ಇದೆಲ್ಲ ಎಲ್ಲಿಂದ ಬಂತು ಅಂತ ಕೇಳಿದರೆ, ಡಬ್ಲ್ಯೂಸಿಎಜಿ 2.2 ಅನ್ನಿ, ಸೈಟು ಎಲ್ಲರಿಗೂ ಬಳಸಲು ಆಗಬೇಕು ಅಂತ ಮಾಡಿದ ಅಂತರರಾಷ್ಟ್ರೀಯ ನಿಯಮಾವಳಿ. ಈ ನಿಯಮಾವಳಿಯ ಮೊದಲ ರೂಪ 1999ರಲ್ಲೇ ಬಂದಿದೆ, 2.2 ಬಂದದ್ದು 2023ರಲ್ಲಿ. ಹೊಸ ಮಾತೇನಲ್ಲ.

ಕಾನೂನಿನ ಮಾತನ್ನೂ ಚಿಕ್ಕದಾಗಿ ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿಯವರ ಸೇವೆಗೂ ಅನ್ವಯಿಸುತ್ತದೆ. ಆ ಕಾಯ್ದೆಯಡಿ ಅಂಗವಿಕಲರ ಅನುಕೂಲಕ್ಕಿರುವ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಡಿಜಿಟಲ್ ಸೌಲಭ್ಯ ಸಿಗುವುದು ಬದುಕುವ ಹಕ್ಕಿನ ಭಾಗ ಎಂದಿತು. ನಿಮ್ಮ ಅಂಗಡಿಗೆ ನಾಳೆ ನೋಟಿಸ್ ಬರುತ್ತದೆ ಅಂತ ಹೆದರಿಸುತ್ತಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿದಿರಲಿ.

ರಿಪೇರಿ ಆದ ಮೇಲೆ ನೀವೇ ಪರೀಕ್ಷೆ ಮಾಡಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ದನಿ ಹೆಚ್ಚು, ಕಡಿಮೆ ಮಾಡುವ ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುತ್ತದೆ. ಮತ್ತೆ ಹಾಗೇ ಮಾಡಿದರೆ ನಿಲ್ಲುತ್ತದೆ. ಮೊದಲು ನಿಲ್ಲಿಸುವುದನ್ನು ಕಲಿತು ಆಮೇಲೆ ಶುರು ಮಾಡಿ. ಇಲ್ಲವಾದರೆ ಒಂದು ಸಲ ಒತ್ತಿದರೆ ಏನೂ ಆಗದೆ, ಫೋನ್ ಕೆಟ್ಟಿತು ಅಂತ ಗಾಬರಿಯಾಗುತ್ತೀರಿ. ಟಾಕ್‌ಬ್ಯಾಕ್ ಇದ್ದಾಗ ಒಂದು ಸಲ ಮುಟ್ಟಿದರೆ ಓದುತ್ತದೆ, ಎರಡು ಸಲ ತಟ್ಟಿದರೆ ಕೆಲಸ ಮಾಡುತ್ತದೆ. ಅಷ್ಟು ಗೊತ್ತಿದ್ದರೆ ಸಾಕು. ಕೊನೆಯ ಪರೀಕ್ಷೆ ಮಾತ್ರ ನಿಮ್ಮ ತಮ್ಮನಿಂದಲೇ ಮಾಡಿಸಿ. ನಾನು ಕಣ್ಣು ಮುಚ್ಚಿ ನೋಡುವುದಕ್ಕೂ ಅವರು ದಿನಾ ಬಳಸುವುದಕ್ಕೂ ಬಹಳ ಅಂತರ ಇದೆ. ಮತ್ತೆ, ಮನೆಯವರು ಅಂತ ಪುಕ್ಕಟೆ ಮಾಡಿಸಬೇಡಿ. ಅದು ಕೆಲಸ, ಕೂಲಿ ಕೊಡಿ.

ಫೋಟೊಗಳ ವಿವರಣೆಯನ್ನು ಹುಡುಗನ ಕೈಗೆ ಬಿಡಬೇಡಿ, ನೀವೇ ಬರೆಯಿರಿ. ಅವನು "ಸುಂದರ ಸೀರೆ" ಅಂತ ನೂರು ಸಲ ಬರೆದಾನು. ನೀವು ಗಿರಾಕಿಗೆ ಫೋನಿನಲ್ಲಿ ಸೀರೆ ಹೇಗೆ ವರ್ಣಿಸುತ್ತೀರೋ ಹಾಗೆ ಬರೆಯಿರಿ: "ಗಿಣಿ ಹಸಿರು ಮೈ, ಚಿಕ್ಕಿ ಪರಾಸ ದಡಿ, ಕೆಂಪು ಬಿಳಿ ಟೋಪ ತೆನಿ ಸೆರಗು." ಕೇಳಿದವರ ಕಣ್ಣಿಗೆ ಸೀರೆ ಕಟ್ಟುತ್ತದೆ. ನಿಮ್ಮ ಬಣ್ಣದ ಚುಕ್ಕಿಗಳಲ್ಲಿ ಒಂದು, ನೋಡಿದರೆ ಅಪ್ಪಟ ಗಿರಿ ಕುಂಕುಮ. ವಿನ್ಯಾಸದ ಜೊತೆ ಬಂದ ಅದರ ಒಳಹೆಸರು "ಕ್ರಿಮ್ಸನ್ ವೇವ್" ಅಂತಿದೆ. ಅದನ್ನಂತೂ ಮೊದಲು ತೆಗೆಸಿ.

ಇದಕ್ಕೆಲ್ಲ ಎರಡು ಮೂರು ವಾರ ಹಿಡಿಯಬಹುದು. ಫೋನ್ ನಂಬರನ್ನು ಮಾತ್ರ ಇವತ್ತೇ ಪುಟದ ಮೇಲ್ಭಾಗಕ್ಕೆ ತರಿಸಿ, ಒತ್ತಿದರೆ ಕರೆ ಹೋಗುವ ಹಾಗೆ. ಹತ್ತು ನಿಮಿಷದ ಕೆಲಸ. ಆದ ಮೇಲೆ ಮುಧೋಳದ ಟೀಚರಿಗೆ ನೀವೇ ಒಂದು ಫೋನ್ ಮಾಡಿ ಹೇಳಿ.